ಪಕ್ಕದ ಮನೆಯ ಹೊಸ ವರ್ಷ

ಹಲಸೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಚೀನೀ ಆಂಟಿ ಹುಟ್ಟಿ ಬೆಳೆದದ್ದು ಇದೇ ಬೀದಿಯಲ್ಲಿ. ಕೂದಲು ಕತ್ತರಿಸುವಾಗ ನನ್ನ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ನೇರ ಮಾಡಿ, "ಅಲ್ಲಾಡ್ಬೇಡಮ್ಮ, ಆಗೋಯ್ತು" ಎನ್ನುತ್ತಿದ್ದರು. ಆಮೇಲೂ ಅರ್ಧ ಗಂಟೆ ಹಿಡಿಯುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಬರುವ ಅವರ ಹೊಸ ವರ್ಷಕ್ಕೆ ಬಾಗಿಲಿಗೆ ಕೆಂಪು ಕಾಗದ ಅಂಟಿಸುತ್ತಿದ್ದರು. ಹಬ್ಬದ ದಿನ ಪೊರಕೆ ಮುಟ್ಟುತ್ತಿರಲಿಲ್ಲ. ಮನೆಗೆ ಬಂದ ಅದೃಷ್ಟ ಕಸದ ಜೊತೆ ಹೊರಗೆ ಹೋಗುತ್ತದೆ ಎಂಬ ನಂಬಿಕೆ. ಶುಭಾಶಯ ಹೇಳಲು ಹೋದವರಿಗೆಲ್ಲ ಕಿತ್ತಳೆ ಹಣ್ಣು ಕೊಡುತ್ತಿದ್ದರು.

ಒಂದು ವರ್ಷ ಹಬ್ಬದ ಬೆಳಿಗ್ಗೆ ನಾನು ಹೋದಾಗ ಸ್ಟೂಲಿನ ಮೇಲೆ ನಿಂತು ಆ ಕಾಗದವನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದರು.

"ಹ್ಯಾಪಿ ನ್ಯೂ ಇಯರ್ ಆಂಟಿ" ಎಂದುಬಿಟ್ಟೆ.

"ಅಂಕಲ್ ಈಗಷ್ಟೇ ಹೋಗ್ಬಿಟ್ರಮ್ಮ. ಸಾವಿನ ಮನೇಲಿ ಕೆಂಪು ಇರಬಾರ್ದು."

ಬಹಳ ದಿನದಿಂದ ಹಾಸಿಗೆ ಹಿಡಿದಿದ್ದ ಅವರ ಗಂಡ ಒಳಗೆ ಮಂಚದ ಮೇಲಿದ್ದರು. ಪಕ್ಕದಲ್ಲಿ ಕೂತಿದ್ದ ಮಗಳು ಬಿಕ್ಕಿದಳು. ಆಂಟಿ ಇಳಿದು ಬಂದು ಅವಳ ಬಾಯಿಗೆ ಅಂಗೈ ಒತ್ತಿದರು.

"ಇವತ್ತು ಅಳ್ಬೇಡ. ಇವತ್ತು ಅತ್ರೆ ವರ್ಷ ಪೂರ್ತಿ ಅಳ್ಬೇಕಾಗತ್ತೆ."

ಮಗಳು ಆ ಕೈಯನ್ನು ಸರಿಸಿದಳು. "ಅಳೋದು ಹೇಗಿದ್ರೂ ಇದ್ದೇ ಇದೆಯಲ್ಲ ಮಮ್ಮಿ."

ಆಂಟಿ ಉಳಿದ ಕಾಗದ ಕೆರೆಯಲು ಹೋದರು. ಸಂಜೆ ಸ್ಮಶಾನದಲ್ಲಿ ಎಲ್ಲರೂ ಅಳುತ್ತಿದ್ದಾಗಲೂ ತುಟಿ ಬಿಗಿಹಿಡಿದು ನಿಂತು ಮಣ್ಣು ಹಾಕಿ ಬಂದರು. ಕಲ್ಲು ಮನಸ್ಸು ಎಂದು ಯಾರೋ ಪಿಸುಗುಟ್ಟಿದರು.

ಮರುದಿನ ಬೆಳಕು ಹರಿಯುವಾಗ ನಮ್ಮ ಅಡುಗೆಮನೆಯ ಗೋಡೆಯಾಚೆಯಿಂದ ಅಳುವಿನ ಕೂಗು ಕೇಳಿಸಿತು. ಅದು ಆಂಟಿಯ ದನಿ ಎಂದು ಗುರುತಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.