ಹಸಿರು ಮುಖದ ದೇವದೂತ

ಕಲ್ಯಾಣದುರ್ಗದ ಚರ್ಚಿನ ಕಿಟಕಿಗಳಲ್ಲಿ ದೇವದೂತರನ್ನು ಮೊದಲು ಕಂಡಾಗ ನಾನು ಸ್ಟಿಕರ್ ಅಂದುಕೊಂಡೆ. ಹಿಂದೂಪುರದ ಫೋಟೋ ಫ್ರೇಮ್ ಅಂಗಡಿಯಲ್ಲಿ ದಿನಗೂಲಿ ನನ್ನದು. ಗಾಜಿನ ಮೇಲೆ ಬಣ್ಣ ಕಂಡರೆ ಕೆರೆಯುವುದೇ ಕಸುಬು. ಒಬ್ಬ ದೇವದೂತನ ಹೆಬ್ಬೆರಳನ್ನು ಐದು ನಿಮಿಷ ಕೆರೆದೆ. ನನ್ನ ಬ್ಲೇಡೇ ಮುರಿಯಿತು.

"ಬಣ್ಣ ಬಳಿದಿಲ್ಲ ಕಣ್ಲಾ, ಗಾಜೇ ಆ ಬಣ್ಣ," ಅಂದ ಉಜ್ಜಿನಪ್ಪಣ್ಣ.

ಪರಿಗಿಯ ಉಜ್ಜಿನಪ್ಪ ನಮ್ಮ ಅಂಗಡಿಯ ಹಿರಿಯ. ನಲವತ್ತು ವರ್ಷ ದೇವರ ಪಟಗಳಿಗೂ ತೀರಿಕೊಂಡವರ ಫೋಟೋಗಳಿಗೂ ಗಾಜು ಕತ್ತರಿಸಿದವನು. ಆದರೆ ಹೇಳಿಕೊಳ್ಳುತ್ತಿದ್ದುದು ಒಂದೇ: ಹರೆಯದಲ್ಲಿ ಬಣ್ಣದ ಚೂರುಗಳ ನಡುವೆ ಸೀಸದ ಪಟ್ಟಿ ಕೂರಿಸಿ ಈ ಮೂವರು ದೇವದೂತರನ್ನು ಮಾಡಿದ್ದು ತಾನು ಎಂದು. ಈಗ ಬಿರುಗಾಳಿಗೆ ನಡುವಿನವನ ಮುಖ ಒಡೆದಿತ್ತು. ರಿಪೇರಿಗೆ ಪಾಸ್ಟರ್ ಉಜ್ಜಿನಪ್ಪಣ್ಣನನ್ನೇ ಕರೆಸಿದ್ದರು, ಕೈಯಾಳಾಗಿ ನಾನೂ ಬಂದಿದ್ದೆ.

"ಇದೊಂದ್ ಮುಖ ನನ್ ಕೈಯಾಗೇ ಆಗ್ಬೇಕು," ಅನ್ನುತ್ತಿದ್ದ.

ಒಂದೊಂದು ಚೂರನ್ನೂ ಬಿಸಿಲಿಗೆ ಹಿಡಿದು "ಯಾವ ಬಣ್ಣ, ಹೇಳ್ಲಾ ನೋಡಾನ" ಎಂದು ಕೇಳುವನು. ನಾನು ಹೇಳುವೆ. ವಿದ್ಯೆ ಕಲಿಸುತ್ತಿದ್ದಾನೆ, ಮುಂದಿನ ಮೇಸ್ತ್ರಿ ನಾನೇ ಎಂದು ಉಬ್ಬಿದ್ದೆ. ಮೂರನೇ ದಿನ ಅವನ ಚೀಲದಲ್ಲಿ ಬೀಡಿ ಹುಡುಕುವಾಗ ಕಣ್ಣಾಸ್ಪತ್ರೆಯ ಚೀಟಿ ಸಿಕ್ಕಿತು. ಎರಡೂ ಕಣ್ಣಿನ ನರಗಳು ಒಣಗಿ ಬಣ್ಣಗಳ ಗುರುತು ಸಿಗುತ್ತಿಲ್ಲ, ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದಿತ್ತು. ಚೀಟಿಯನ್ನು ಇದ್ದಲ್ಲೇ ಇಟ್ಟೆ. ಬೀಡಿ ಸೇದುವ ಮನಸ್ಸಾಗಲಿಲ್ಲ.

ಮುಖ ಕೂರಿಸುವ ದಿನ "ಟೀ ತರ್ತೀನಿ, ನಾ ಬರೋವರ್ಗೂ ತಡಿಯಣ್ಣ" ಎಂದು ಹೋದವನು ಫೋನ್ ನೋಡುತ್ತ ಅರ್ಧ ಗಂಟೆ ಕಳೆದೆ. ಬಂದಾಗ ಅವನು ಏಣಿಯಿಂದಿಳಿದು ಕೈ ಒರೆಸಿಕೊಳ್ಳುತ್ತಿದ್ದ. ಮೇಲೆ ಕೆಂಪು ರೆಕ್ಕೆ, ಬಿಳಿ ನಿಲುವಂಗಿ. ಮುಖ ಮಾತ್ರ ಹಸಿರು. ಆ ಹಸಿರು ಅವನ ನರೆತ ತಲೆಯ ಮೇಲೂ ಬಿದ್ದಿತ್ತು.

"ಹೆಂಗೈತ್ಲಾ?"

"ಚೆನ್ನಾಗೈತಣ್ಣ."

ಪಾಸ್ಟರ್ ಬಹಳ ಹೊತ್ತು ನೋಡಿ, "ಬಾಗುಂದಿ ಉಜ್ಜಿನಪ್ಪಾ," ಎಂದು ತೆಲುಗಿನಲ್ಲಿ ಮೆಚ್ಚಿ ಅವನ ಹೆಗಲು ತಟ್ಟಿದರು.

ಭಾನುವಾರದ ಪ್ರಾರ್ಥನೆಯಲ್ಲಿ ಮಕ್ಕಳು ಮೇಲೆ ನೋಡಿ ನಗತೊಡಗಿದರಂತೆ. ಹದಿನೈದು ದಿನಕ್ಕೆ ಆ ಕಿಟಕಿಗೆ ಬರಿಗಾಜು ಬಂತು, ಅದರ ಮೇಲೆ ದೇವದೂತನ ಸ್ಟಿಕರ್. ಅಂಟಿಸಲು ಮಾಲೀಕರು ಕಳಿಸಿದ್ದು ನನ್ನನ್ನೇ. ಬೆಲೂನಿನಂತೆ ಗುಳ್ಳೆ ಏಳದ ಹಾಗೆ ನೀಟಾಗಿ ಅಂಟಿಸಿದೆ. ಅದೊಂದು ನನಗೆ ಬರುತ್ತದೆ.

ಬಿಚ್ಚಿದ ಮುಖವನ್ನು ಪೇಪರಿನಲ್ಲಿ ಸುತ್ತಿ ಅಂಗಡಿಗೆ ತಂದೆ. ಉಜ್ಜಿನಪ್ಪಣ್ಣ ಸೀಸದ ಅಂಚನ್ನು ಸವರಿದ ಕೂಡಲೇ ಅದು ತಾನು ಕೂರಿಸಿದ ಮುಖವೆಂದು ತಿಳಿದುಕೊಂಡ.

"ನಾ ಯಾವ ಬಣ್ಣ ಕೂರ್ಸಿದ್ದೆ?"

"ಹಸಿರು."

ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡ. ತಡೆಯಲಾರದೆ ಕೇಳಿಯೇ ಬಿಟ್ಟೆ: "ಕಣ್ಣು ಹಂಗಾಗೈತೆ ಅಂತ ಗೊತ್ತಿದ್ದೂ ನಾ ಬರೋವರ್ಗೂ ಯಾಕಣ್ಣ ಕಾಯ್ಲಿಲ್ಲ?"

"ಕಾದಿದ್ರೆ ಅದು ನೀನ್ ಮಾಡಿದ್ದಾಗೋದು ಕಣ್ಲಾ."