ಕಾನ್ಸುಲೇಟಿಗೆ ‘ಸೀರಿಯಸ್’ ಎಂದು ಹೇಳಿದ್ದು

ನಮ್ಮ ಕೊಟ್ಟಾರದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ವಿದೇಶಿ ಹೆಂಗಸು ಒಂದು ಬೆಳಿಗ್ಗೆ ಚಹಾಕ್ಕೆ ಕೆಳಗೆ ಬರಲಿಲ್ಲ. ನನಗಿಂತ ಚಿಕ್ಕವಳಾದರೂ ತಲೆ ಪೂರ್ತಿ ಬೆಳ್ಳಗಿದ್ದುದರಿಂದ ನಾನು ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಹಾಗೆ ಕರೆದಾಗ ನನ್ನ ವಯಸ್ಸು ಸ್ವಲ್ಪ ಇಳಿಯುತ್ತಿತ್ತು. ಇಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳಲು ಬಂದವಳು, ಕೆಲಸ ಮುಗಿದ ಮೇಲೂ ತನ್ನ ದೇಶಕ್ಕೆ ಹೋಗಲಿಲ್ಲ. ಬಂಗುಡೆ ಮೀನಿನ ಮುಳ್ಳು ಬಿಡಿಸಲು ಅವಳಿಗೆ ಕಲಿಸಿದವಳು ನಾನು. ತುಳುವಿನ ಎರಡು ಬೈಗುಳ ಕಲಿಸಿ, ಇವು ಬಹಳ ಮರ್ಯಾದೆಯ ಮಾತು ಎಂದು ನಂಬಿಸಿದವಳೂ ನಾನೇ. ಹಂಪನಕಟ್ಟೆಯ ಬಸ್ಸಿನಲ್ಲಿ ಅವಳು ಅವನ್ನು ಕಂಡಕ್ಟರಿಗೆ ಹೇಳಿದಳಂತೆ. ಅವನು ಬಿದ್ದು ಬಿದ್ದು ನಕ್ಕು ಸೀಟು ಕೊಡಿಸಿದನಂತೆ.

ಆ ಬೆಳಿಗ್ಗೆ ಸೊಸೆ ಮೇಲೆ ಹೋಗಿ ನೋಡಿದಾಗ ಅಕ್ಕ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಡಾಕ್ಟರು ಬಂದರು, ಪೊಲೀಸರು ಬಂದರು. ಹೃದಯ ನಿಂತದ್ದು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಸಂಜೆಯೊಳಗೆ ಎಲ್ಲ ಮುಗಿಯುತ್ತದೆ ಎಂದುಕೊಂಡಿದ್ದೆ. ಶವಾಗಾರದವರು ಬಿಡಲಿಲ್ಲ.

"ಅಜ್ಜಿ, ಇವರು ಬೇರೆ ದೇಶದವರಲ್ವಾ? ಅವರ ಕಾನ್ಸುಲೇಟಿಗೆ ತಿಳಿಸ್ಬೇಕು. ಮನೆಯವರು ಹೇಳಿದ ಹಾಗೆ ಮಾಡ್ಬೇಕು. ಅಲ್ಲಿವರೆಗೆ ಇಲ್ಲೇ."

ಅಕ್ಕನಿಗೆ ದೂರದಲ್ಲಿ ಒಬ್ಬ ತಂಗಿ ಇದ್ದಾಳೆ ಎಂದಷ್ಟೇ ನನಗೆ ಗೊತ್ತು. ನಂಬರು ಗೊತ್ತಿಲ್ಲ, ಅಕ್ಕನ ಮೊಬೈಲಿನ ಬೀಗ ತೆರೆಯಲು ನಮಗೆ ಬರುವುದಿಲ್ಲ. ತನ್ನವರಿಗೆ ತಿಳಿಯದೆ ಅವಳು ಆ ಚಳಿಯಲ್ಲಿ ಎಷ್ಟು ದಿನ ಮಲಗಿರಬೇಕು ಎಂದು ಯೋಚಿಸಿ ನನಗೆ ಅನ್ನ ಇಳಿಯಲಿಲ್ಲ.

ಪೊಲೀಸರು ತಮ್ಮ ದಾರಿಯಲ್ಲಿ ತಿಳಿಸುತ್ತೇವೆ ಎಂದಿದ್ದರು. ನನಗೆ ತಡೆಯಲಿಲ್ಲ. ಬೆಂಗಳೂರಿನ ಕಾನ್ಸುಲೇಟ್ ಕಚೇರಿಗೆ ನಾನೇ ಫೋನು ಮಾಡಿದೆ. ಬಿಳಿಯರು ಎತ್ತುತ್ತಾರೆಂದು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಜೋಡಿಸಿಟ್ಟುಕೊಂಡಿದ್ದೆ. ಎತ್ತಿದವನು ಕನ್ನಡದ ಹುಡುಗ.

"ಹೇಳಿ ಅಮ್ಮ, ಏನಾಗಿದೆ ಅವರಿಗೆ?"

"ಸ್ವಲ್ಪ ಸೀರಿಯಸ್ ಉಂಟು."

"ಅಯ್ಯೋ. ಈಗ ಎಲ್ಲಿದ್ದಾರೆ?"

"ಆಸ್ಪತ್ರೆಯಲ್ಲಿ. ಮನೆಯವರು ಬೇಗ ಹೊರಟು ಬಂದ್ರೆ ಒಳ್ಳೆದು."

"ಪ್ರಜ್ಞೆ ಇದೆಯಾ?"

"ಇಲ್ಲ."

"ವೆಂಟಿಲೇಟರ್ ಹಾಕಿದ್ದಾರಾ?"

"ಅದೆಂತದೂ ಬೇಡ ಅಂತ ಹೇಳಿದ್ರು."

"ಬೇಡ ಅಂದ್ರಾ? ಯಾರ್ರೀ ಅದು ಡಾಕ್ಟ್ರು? ನಾವು ಏರ್ ಆಂಬುಲೆನ್ಸ್ ವಿಚಾರಿಸ್ತೀವಿ. ಮನೆಯವರಿಗೂ ತಿಳಿಸ್ತೀವಿ. ಪಾಸ್‌ಪೋರ್ಟ್ ಫೋಟೋ ವಾಟ್ಸಾಪ್ ಮಾಡಿ. ಧೈರ್ಯವಾಗಿರಿ ಅಮ್ಮ."

ನಂಬರು ಹೇಳಿ ಇಟ್ಟೇಬಿಟ್ಟ. ಪಕ್ಕದಲ್ಲಿ ನಿಂತಿದ್ದ ಸೊಸೆ ಹಣೆ ಹಣೆ ಬಡಿದುಕೊಂಡಳು.

"ಎಂತ ಮಾಮಿ ನೀವು! ಸತ್ತವರಿಗೆ ವಿಮಾನ ತರಿಸಿದ್ರಲ್ಲ!"

"ಮತ್ತೆ, ಸತ್ತರು ಅಂತ ಫೋನಲ್ಲಿ ಹೇಳ್ಲಿಕ್ಕೆ ಆಗ್ತದಾ ಮಾರಾಯ್ತಿ?"

ನಮ್ಮಲ್ಲಿ ಹಾಗೆ ಯಾರೂ ಹೇಳುವುದಿಲ್ಲ. ನನ್ನ ಅತ್ತೆ ತೀರಿಕೊಂಡಾಗ ದುಬಾಯಿಯಲ್ಲಿದ್ದ ನನ್ನ ಗಂಡನಿಗೂ "ಸೀರಿಯಸ್" ಎಂದೇ ಸುದ್ದಿ ಮುಟ್ಟಿಸಿದ್ದು. ಗಲ್ಫಿನಲ್ಲಿರುವ ನಮ್ಮವರಿಗೆ ಆ ಒಂದು ಶಬ್ದ ಸಾಕು. ಗೊತ್ತಾಗಿಯೂ ಗೊತ್ತಾಗದವರ ಹಾಗೆ ಟಿಕೆಟು ಮಾಡುತ್ತಾರೆ, ಅಂಗಳಕ್ಕೆ ಕಾಲಿಟ್ಟ ಮೇಲೆ ಅಳುತ್ತಾರೆ. ಆದರೆ ಅಕ್ಕನ ತಂಗಿಗೆ ನಮ್ಮ ಈ ವಿದ್ಯೆ ಎಲ್ಲಿಂದ ಗೊತ್ತಿರಬೇಕು? ಸೀರಿಯಸ್ ಎಂದರೆ ಅವಳು ಸೀರಿಯಸ್ ಎಂದೇ ತಿಳಿಯುತ್ತಾಳೆ. ಅಕ್ಕನನ್ನು ಬದುಕಿಸಿಕೊಳ್ಳಲು ಓಡಿ ಬರುತ್ತಾಳೆ. ವಿಮಾನದಲ್ಲಿ ಕೂತು ಆಸೆ ಪಡುತ್ತಾ ಬರುತ್ತಾಳೆ.

ಮತ್ತೆ ಫೋನು ಮಾಡಿದೆ. ಎಂಗೇಜ್. ಇನ್ನೊಮ್ಮೆ ಮಾಡಿದರೂ ಅದೇ. ಮೊಬೈಲಿನಲ್ಲಿ ಟೈಪು ಮಾಡಲು ನಾನು ಆಗಷ್ಟೇ ಕಲಿತಿದ್ದೆ. ಅಲ್ಲಿಯವರೆಗೆ ಬರೆದದ್ದೆಂದರೆ ನೆಂಟರಿಗೆ ಶುಭೋದಯ, ನಾದಿನಿಯ ಹೊಸ ಫೋಟೋಕ್ಕೆ ಒಂದೆರಡು ಕೊಂಕು. ಸೊಸೆ "ಕೊಡಿ, ನಾನು ಬರೀತೇನೆ" ಎಂದು ಕೈ ಚಾಚಿದಳು. ಕೊಡಲಿಲ್ಲ. ಒಂದೇ ಬೆರಳಿನಲ್ಲಿ ಕುಟ್ಟಿದೆ: ‘ಸೀರಿಯಸ್ ಅಲ್ಲ. ಸತ್ತುಹೋಗಿದ್ದಾಳೆ. ನಿದ್ದೆಯಲ್ಲಿ. ತಂಗಿಗೆ ಸರಿಯಾಗಿ ಹೇಳಿ.’ ಸತ್ತು ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು. ಪಾಸ್‌ಪೋರ್ಟಿನ ಫೋಟೋ ಸೇರಿಸಿ ಕಳಿಸಿದೆ.

ಮಧ್ಯಾಹ್ನದ ಮೇಲೆ ಆ ಹುಡುಗನೇ ಫೋನು ಮಾಡಿದ. ಸ್ವರ ಮೆತ್ತಗಾಗಿತ್ತು.

"ಅಮ್ಮ, ಮೆಸೇಜ್ ನೋಡ್ದೆ. ಗಾಬರಿ ಆಗ್ಬೇಡಿ, ಅಲ್ಲಿಗೆ ಇನ್ನೂ ಏನೂ ಹೇಳಿರಲಿಲ್ಲ. ತಂಗಿ ಅಡ್ರೆಸ್ ಈಗ ಸಿಕ್ತು."

"ಹಾಗಾದ್ರೆ ಫೋನ್ ಮಾಡಿ ಮೆಲ್ಲ ಹೇಳು ಮಗಾ."

"ಫೋನಲ್ಲಿ ಹೇಳಲ್ಲಮ್ಮ. ಅಲ್ಲಿನ ಪೊಲೀಸ್ನೋರು ಮನೆಗೇ ಹೋಗ್ತಾರೆ. ಬಾಗಿಲು ತಟ್ಟಿ, ಎದುರು ನಿಂತು ಹೇಳ್ತಾರೆ. ಅವರ ಕಡೆಯೋರು ಯಾರಾದ್ರೂ ಬರೋವರೆಗೂ ಜೊತೆಗೇ ಇರ್ತಾರೆ."

"ಆಯ್ತು ಮಗಾ" ಎಂದಷ್ಟೇ ಹೇಳಿ ಫೋನಿಟ್ಟೆ. ಸೊಸೆಯ ಪ್ರಕಾರ ನಾನು ಅಷ್ಟು ಬೇಗ ಫೋನಿಟ್ಟದ್ದು ಜೀವಮಾನದಲ್ಲೇ ಮೊದಲ ಸಲ. ಊರಿಗೆ ಫೋನು ಬರುವ ಮೊದಲು ನಮ್ಮ ಕಡೆಯೂ ಹೀಗೆಯೇ ಇತ್ತು. ಸಾವಿನ ಸುದ್ದಿಗೆ ಜನ ಹೋಗಬೇಕು. ಹೋದವನು ಅಂಗಳದಲ್ಲೇ ನಿಂತು ಹೇಳಬೇಕು. ನಾನು ಕಾಣದ, ಕಾಣಲಾರದ ಒಂದು ಊರಿನಲ್ಲಿ, ತೊಪ್ಪಿ ಹಾಕಿದ ಯಾರೋ ಒಬ್ಬ ನನ್ನ ಒಂದು ಬೆರಳಿನ ಅಕ್ಷರಗಳನ್ನು ಹೊತ್ತು ಮೆಟ್ಟಿಲು ಹತ್ತುತ್ತಿದ್ದಾನೆ. ಇಷ್ಟು ದೊಡ್ಡ ಪ್ರಪಂಚದಲ್ಲಿ ಒಬ್ಬ ಮುದುಕಿಗಾಗಿ ಇನ್ನೊಬ್ಬ ಮುದುಕಿಯ ಬಾಗಿಲು ಹುಡುಕಿಕೊಂಡು ಹೋಗುವವರಿದ್ದಾರೆ! ಕೂತಲ್ಲೇ ಕೈ ಮುಗಿದೆ, ಯಾರಿಗೆ ಎಂದು ತಿಳಿಯದೆ.

ಮರುದಿನ ತಂಗಿಯೇ ಫೋನು ಮಾಡಿದಳು. ಅವಳ ಇಂಗ್ಲಿಷೂ ಮುರುಕಲು, ನನ್ನದೂ ಮುರುಕಲು. ಹಾಗಾಗಿ ಒಳ್ಳೆ ಅರ್ಥವಾಯಿತು. ನೋವಾಯಿತಾ ಅವಳಿಗೆ ಎಂದು ಕೇಳಿದಳು. ಇಲ್ಲ ಎಂದೆ. ಸತ್ತಳು ಎಂಬ ಮಾತನ್ನು ಬಾಯಿಬಿಟ್ಟೇ ಹೇಳಿದೆ. ತಂಗಿ, ತನಗೆ ನಡೆಯಲು ಕೂಡುವುದಿಲ್ಲ, ಬರಲಾಗುವುದಿಲ್ಲ, ಅವಳು ಇಷ್ಟಪಟ್ಟ ಊರಿನಲ್ಲೇ ದಹನ ಮಾಡಿ, ತನಗೆ ವಿಡಿಯೋದಲ್ಲಿ ತೋರಿಸಿ ಎಂದಳು.

ಕಾನ್ಸುಲೇಟಿನ ಕಾಗದ ಬಂದ ಮೇಲೆ ಅಕ್ಕನನ್ನು ಸ್ಮಶಾನಕ್ಕೆ ತಂದೆವು. ವಿಡಿಯೋ ಕಾಲ್ ಹಿಡಿದವಳು ನಾನು. ಮೊದಲು ತಂಗಿಗೆ ಕಂಡದ್ದು ನನ್ನ ಮೂಗು; ಸೊಸೆ ಬಂದು ತಿರುಗಿಸಿಕೊಟ್ಟಳು. ಆ ಕಡೆ ತಂಗಿ ಒಳ್ಳೆಯ ಬಟ್ಟೆ ಹಾಕಿ, ತಲೆ ಬಾಚಿ, ನೆಟ್ಟಗೆ ಕೂತಿದ್ದಳು. ಅಕ್ಕನ ಮುಖದ ಹತ್ತಿರ ಹಿಡಿ ಎಂದಳು. ಹಿಡಿದೆ. ತನ್ನ ಭಾಷೆಯಲ್ಲಿ ಅಕ್ಕನೊಡನೆ ಮಾತಾಡತೊಡಗಿದಳು. ನಡುವೆ ಒಮ್ಮೆ ನಕ್ಕಳು, ಗದರಿಸಿದಳು ಕೂಡಾ. ನೆರೆಮನೆಯವರು, ಸ್ಮಶಾನದವರು, ಬಂದಿದ್ದ ಪೊಲೀಸು, ಯಾರಿಗೂ ಒಂದು ಶಬ್ದ ಅರ್ಥವಾಗಲಿಲ್ಲ. ಯಾರೂ ಬೇಗ ಎನ್ನಲಿಲ್ಲ. ನನ್ನ ಕೈ ಜೋಮು ಹಿಡಿಯಿತು. ಇನ್ನೊಂದು ಕೈಯ ಆಧಾರ ಕೊಟ್ಟು ಹಿಡಿದೆ.

ಕೊನೆಗೆ ಅವಳು ಕಣ್ಣೊರೆಸಿಕೊಂಡು, ನನ್ನನ್ನು ಕರೆದು ಇಂಗ್ಲಿಷಿನಲ್ಲಿ, "ಈಗ ಆಗಬಹುದು" ಎಂದಳು.

ನಾನು ಸ್ಮಶಾನದವರ ಕಡೆ ತಿರುಗಿದೆ. "ತಂಗಿ ಒಪ್ಪಿಗೆ ಕೊಟ್ಲು," ಎಂದೆ.