ಸತ್ತ ತಮ್ಮನ ಹೆಸರಿನಲ್ಲಿ ಬದುಕಿದ ಸಿಪಾಯಿ

ಮಸ್ಕಿಯ ಕನಕರಾಯ ಮೊದಲ ಮಹಾಯುದ್ಧಕ್ಕೆ ಹೋದಾಗ ಅವನಿಗೆ ಬಾಲ್ಯದಲ್ಲೇ ಮದುವೆಯಾಗಿತ್ತು, ಮೀಸೆ ಮಾತ್ರ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಬಸ್ರಾದಲ್ಲಿ ಹೇಸರಗತ್ತೆಗಳ ಬೆನ್ನಿಗೆ ಗುಂಡಿನ ಪೆಟ್ಟಿಗೆ ಬಿಗಿದು, ತೋಪಿನ ಸದ್ದಿಗೆ ಎಡಗಿವಿ ಕಳೆದುಕೊಂಡು ಊರಿಗೆ ಮರಳಿದ. ಇಪ್ಪತ್ತು ವರ್ಷ ಕಂಡವರ ಹೊಲದಲ್ಲಿ ದುಡಿದ. ಎರಡನೆಯ ಯುದ್ಧ ಬಂದಾಗ ಹೊಟ್ಟೆಪಾಡು ಮತ್ತೆ ಎಳೆಯಿತು. ನಲವತ್ತು ದಾಟಿದವರು ಬೇಡ ಅಂದರು. ಆಸಾಮಿ ಮೀಸೆಗೆ ಕಾಡಿಗೆ ತೀಡಿ, ತಮ್ಮ ಬಸ್ಸಪ್ಪನ ಹೆಸರು, ವಯಸ್ಸು ಹೇಳಿ ಭರ್ತಿಯಾಗಿಬಿಟ್ಟ. ತಮ್ಮನೂ ನಕ್ಕು ಒಪ್ಪಿದ್ದ. ಹೆಸರೇನು ಸವೆದು ಹೋಗುತ್ತದೆಯೇ?

ಅವನು ಬರ್ಮಾದಲ್ಲಿ ಲಾರಿಯಡಿ ಪಾದ ಜಜ್ಜಿಸಿಕೊಂಡು ಬಿದ್ದಿದ್ದಾಗ ಊರಲ್ಲಿ ಕಾಲರಾ ಬಡಿದು ಬಸ್ಸಪ್ಪ ಸತ್ತ. ಊರ ಲೆಕ್ಕ ಬರೆಯುವ ಪಟವಾರಿ ಆ ಸಾವನ್ನು ಪುಸ್ತಕದಲ್ಲಿ ಬರೆದುಕೊಂಡ. ಯುದ್ಧ ಮುಗಿದ ಮೇಲೆ ಕನಕರಾಯ ಕುಂಟುತ್ತ ಊರಿಗೆ ಬಂದ.

ನಿಜಾಮನ ಆಳ್ವಿಕೆ ಹೋಯಿತು. ಐವತ್ನಾಲ್ಕನೇ ಇಸವಿಯಲ್ಲಿ ಸಿಂಧನೂರಿನ ಕಾಲುವೆ ಬಯಲಲ್ಲಿ ಹಳೆಯ ಸಿಪಾಯಿಗಳಿಗೆ ನಾಲ್ಕೆಕರೆ ಕೊಡುತ್ತಾರಂತೆ ಎಂಬ ಸುದ್ದಿ ಬಂತು. ಎರಡನೆಯ ಯುದ್ಧದಲ್ಲಿದ್ದು ಸೈನ್ಯದಿಂದ ಬಿಡುಗಡೆಯಾದ ಪತ್ರ ಬೇಕು. ಪತ್ರವೇನೋ ಇತ್ತು, ಅದರಲ್ಲಿದ್ದ ಹೆಸರು ಮಾತ್ರ ಸತ್ತವನದು. ಕನಕರಾಯನಿಗೆ ಮಕ್ಕಳಿಲ್ಲ. ಹೆಂಡತಿ ಪಕೀರಮ್ಮ, ತಮ್ಮನ ವಿಧವೆ ಆದಮ್ಮ ಕೂಲಿ ಮಾಡಿ ತಂದದ್ದನ್ನು ಕುಂಟ ಕೂತು ಉಣ್ಣುತ್ತಿದ್ದ. ಹೆಂಗಸರ ರಟ್ಟೆಯೂ ಸೋಲತೊಡಗಿತ್ತು. ಈ ಭೂಮಿ ಕೈತಪ್ಪಿದರೆ ಮೂವರೂ ಜೋಳಿಗೆ ಹಿಡಿಯುವುದೇ.

ಲಿಂಗಸುಗೂರಿನ ಕಚೇರಿ ಮುಂದೆ ಅರ್ಜಿ ಬರೆಯುವ ಜಿಲಾನಿಸಾಬ್ ಪತ್ರ ತಿರುವಿ ನೋಡಿದ.

"ಸತ್ತಾಂವ ಅಣ್ಣ, ಪಟವಾರಿ ಹೆಸರು ಅದಲಬದಲ ಬರದಾನ ಅಂತ ಅರ್ಜಿ ಹಾಕೂಣು. ಇವತ್ತಿಂದ ನೀ ಬಸ್ಸಪ್ಪ. ಕಂದಾಯದ ಗಿರದಾವರ ಸಾಹೇಬ್ರು ಮನಿಗೆ ತಪಾಸಕ್ಕ ಬರ್ತಾರ. ಆದಮ್ಮ ನಿನ್ನ ಹೇಣ್ತಿ ಅನ್ನಬೇಕು, ಪಕೀರಮ್ಮ ಗಂಡ ಸತ್ತಾಕಿ ಅನ್ನಬೇಕು. ಅಷ್ಟ ಮಾತು."

ಅಷ್ಟೇ ಮಾತಂತೆ! ಕನಕರಾಯ ಅದನ್ನು ಮನೆಯಲ್ಲಿ ತಲೆ ಎತ್ತದೆ ಹೇಳಿದ. ಪಕೀರಮ್ಮ ಒಲೆಯ ಕೊಳ್ಳಿ ಹಿಂದಕ್ಕೆ ಎಳೆದಳು.

"ನೀ ಎರಡು ಸಲ ಸಾಯಾಕ ಹೋದಾಗ್ಲೂ ಈ ಬಳಿ ಕಾಯ್ಕೊಂಡೀನಿ. ಭೂಮಿ ಬರ್ತದಂದ್ರ ಒಡೀತೀನಿ ಬಿಡು" ಎಂದಳು.

ತಪಾಸಣೆಯ ದಿನ ಬೆಳಿಗ್ಗೆ ತಾಳಿ ಬಿಚ್ಚಿಟ್ಟಳು. ಹಿತ್ತಲ ಕಲ್ಲಿಗೆ ಕೈ ಬಡಿದು ಬಳೆ ಒಡೆದಳು. ತನ್ನ ಹಣೆ ಒರೆಸಿಕೊಂಡು, ಬೇಡಬೇಡವೆಂದು ಅಳುತ್ತಿದ್ದ ಆದಮ್ಮನ ಹಣೆಗೆ ತಾನೇ ಕುಂಕುಮ ಹಚ್ಚಿದಳು. ಎರಡು ಯುದ್ಧದಲ್ಲಿ ಅಳದ ಕನಕರಾಯ ಗೋಡೆಗೆ ಮುಖ ಮಾಡಿ ಅತ್ತ.

ಗಿರದಾವರ ಬಂದವನು ಅವನನ್ನು ಹೊರಗೆ ನಿಲ್ಲಿಸಿ ಮೊದಲು ಹೆಂಗಸರನ್ನು ಕೇಳಿದ.

"ನನ್ನ ಗಂಡ ಕಾಲರಾದಾಗ ಹೋದ್ರಿ. ಹೊರಗ ನಿಂತಾಂವ ನಮ್ಮ ಮೈದುನ" ಎಂದಳು ಪಕೀರಮ್ಮ. ಆದಮ್ಮನೂ ಕಲಿಸಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದಳು. ಗಿರದಾವರ ತಲೆಯಾಡಿಸಿ ಬರೆದುಕೊಂಡ.

"ಎಲ್ಲಿ, ಸಿಪಾಯೀನ್ನ ಕರೀರಿ."

ಕನಕರಾಯ ಕುಂಟುತ್ತ ಹೊಸ್ತಿಲು ದಾಟಿದ. ಅಷ್ಟೇ. ಇಪ್ಪತ್ತೈದು ವರ್ಷ ಭಾವನ ಎದುರು ಮುಖ ತೋರದ ಆದಮ್ಮ, ಆ ಹೆಜ್ಜೆ ಕೇಳಿದ್ದೇ ತಡ, ಸೆರಗನ್ನು ಮೂಗಿನ ತನಕ ಎಳೆದುಕೊಂಡು ಬಾಗಿಲ ಮರೆಗೆ ಸರಿದುಬಿಟ್ಟಳು.

ಗಿರದಾವರನೂ ಇದೇ ಸೀಮೆಯವನು. ಗಂಡನನ್ನು ಕಂಡು ಯಾವ ಹೆಂಗಸೂ ಹೀಗೆ ಮರೆಯಾಗುವುದಿಲ್ಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಆಕಿ ನಿನ್ನ ತಮ್ಮನ ಹೇಣ್ತಿ ಹೌದಲ್ಲೋ? ಜೇಲಿಗೆ ಕಳಿಸ್ತಿದ್ದೆ, ನಿನ್ನ ಕಾಲು ನೋಡಿ ಬಿಟ್ಟೀನಿ" ಎಂದು ಅರ್ಜಿಯ ಮೇಲೆ ಗೀಟು ಎಳೆದು ಎದ್ದುಹೋದ.

"ಬೇಕಂತ ಮಾಡಲಿಲ್ಲಕ್ಕಾ, ಕಾಲು ತಾವ ಎದ್ದುವು" ಎಂದು ಆದಮ್ಮ ಬಾಗಿಲಿಗೆ ಹಣೆ ಚಚ್ಚಿಕೊಂಡಳು. ಪಾಪ, ಅವಳನ್ನು ಯಾವ ಬಾಯಿಂದ ಬೈಯುವುದು?

ಕನಕರಾಯ ತಾಳಿ ತಂದು ಹೆಂಡತಿಯ ಮುಂದೆ ಹಿಡಿದ. ಅವಳು ಕೈ ಚಾಚಲಿಲ್ಲ.

"ಭೂಮಿ ಸಲುವಾಗಿ ನಿನ್ನ ನನ್ನ ಬಾಯಿಲೆ ಸಾಯಿಸಿದೆ. ಭೂಮಿ ಬರಲಿಲ್ಲ. ಸಾಯಿಸಿದ್ದು ಮಾತ್ರ ಉಳೀತು ನೋಡು."

ಆಮೇಲೆ ಎರಡು ವರ್ಷ ಅವನಿಗೆ ರೊಟ್ಟಿ ಬಡಿದಳು, ಕೂಲಿ ಸಿಗದ ದಿನ ಬೇಡಿ ತಂದಳು, ಆ ಜಜ್ಜಿದ ಪಾದಕ್ಕೆ ಎಣ್ಣೆ ತಿಕ್ಕಿದಳು. ತಾಳಿ ಮುಟ್ಟಲಿಲ್ಲ, ಬಳೆ ತೊಡಲಿಲ್ಲ. ಐವತ್ತಾರರ ಬೇಸಿಗೆಯಲ್ಲಿ ಕನಕರಾಯ ನಿಜವಾಗಿಯೂ ಸತ್ತ. ಪದ್ಧತಿಯಂತೆ ಬಳೆ ಒಡೆಯಲು ಬಂದ ಹೆಂಗಸರು ಪಕೀರಮ್ಮನ ಬರಿಗೈ ಹಿಡಿದುಕೊಂಡು ಕೂತರು.